ನಲವತ್ತೆರಡು ಡಿಗ್ರಿ

ಮದ್ರಾಸಿನಿಂದ ಲಕೋಟೆ ಬಂದದ್ದು ಜುಲೈ ತಿಂಗಳ ಒಂದು ಗುರುವಾರ. ಊಟಿಯ ಕಾಲೇಜಿನ ಫಿಸಿಕ್ಸ್ ಲೆಕ್ಚರರ್ ಗುರುಸ್ವಾಮಿ ಎರಡನೆಯ ಪೀರಿಯಡ್ ಮುಗಿಸಿ, ಕೈಗೆ ಹತ್ತಿದ ಸೀಮೆಸುಣ್ಣ ಕೊಡವುತ್ತ ಸ್ಟಾಫ್ ರೂಮಿಗೆ ಬಂದಾಗ ಅದು ಅವನ ಮೇಜಿನ ಮೇಲಿತ್ತು. ಕಳಿಸಿದವನು ಅವನ ಹಳೆಯ ವಿದ್ಯಾರ್ಥಿ ಸೆಂಥಿಲ್. ಅಲ್ಲಿಯ ಒಂದು ಸಂಶೋಧನಾಲಯದಲ್ಲಿ ಕೆಲಸಕ್ಕಿದ್ದ. ಮೂರು ತಿಂಗಳ ಹಿಂದೆ ಗುರುಸ್ವಾಮಿ ತಾನು ಲ್ಯಾಬಿನಲ್ಲಿ ಬೆಳೆಸುವಾಗ ಒಡೆದುಹೋದ ಹರಳಿನ ಚೂರುಗಳನ್ನು ಮಾತ್ರೆಯ ಡಬ್ಬಿಯೊಂದಕ್ಕೆ ತುಂಬಿ, ಬಿಡುವಾದಾಗ ಬಿಸಿ ಮಾಡಿದರೆ ಇದು ಹೇಗೆ ಬದಲಾಗುತ್ತದೆಂದು ಥರ್ಮಲ್ ಅನಾಲಿಸಿಸ್ ಮಾಡಿ ಕಳಿಸು, ಥೀಸಿಸ್ಸಿಗೆ ಒಂದು ಗ್ರಾಫ್ ಬೇಕು ಎಂದು ಬರೆದಿದ್ದ. ಬರೆದು ಮರೆತಿದ್ದ. ಈಗ ಲಕೋಟೆ ಹರಿದು ನೋಡಿದರೆ ನಾಲ್ಕು ಮಡಿಕೆಯ ಗ್ರಾಫ್ ಕಾಗದ, ಅದರ ಜೊತೆ ಒಂದು ಚೀಟಿ. ಗ್ರಾಫಿನ ಗೆರೆ ಎಡದಿಂದ ಬಲಕ್ಕೆ ಸೀದಾ ಹೋಗಿ ಕೊನೆಯಲ್ಲಿ, ಹರಳು ಕರಗುವ ಕಡೆ, ಬಾವಿಯ ಹಾಗೆ ಕೆಳಗಿಳಿದಿತ್ತು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅದಕ್ಕೂ ಬಹಳ ಮುಂಚೆ, ಶುರುವಿನಲ್ಲೇ ಅನ್ನಬಹುದಾದ ಕಡೆ, ಗೆರೆ ಒಂದು ಸಲ ಚೂರು ಕುಸಿದು ಮತ್ತೆ ಮೇಲೆದ್ದಿತ್ತು. ಸೆಂಥಿಲ್ ಪೆನ್ಸಿಲಿನಲ್ಲಿ ಅದರ ಸುತ್ತ ಒಂದು ಸೊನ್ನೆ ಸುತ್ತಿದ್ದ. ‘ಸಾರ್, ಬಿಸಿ ಮಾಡುವಾಗ ನಲವತ್ತಮೂರು ಡಿಗ್ರಿಯಲ್ಲಿ ಇದು ಬರುತ್ತದೆ. ತಣ್ಣಗೆ ಮಾಡುವಾಗ ನಲವತ್ತೆರಡರ ಹತ್ತಿರ ವಾಪಸು ಬರುತ್ತದೆ. ಮಿಷಿನ್ನಿನ ತಪ್ಪಿರಬಹುದೆಂದು ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಆ ಹಂತ ದಾಟುವಾಗ ಹರಳಿನ ಒಳಗಿನ ಜೋಡಣೆಯೇ ಬದಲಾಗುತ್ತಿದೆ. ನೀವು ಐವತ್ತರಿಂದ ಇಳಿಸುತ್ತ ಬರುತ್ತೀರಲ್ಲ, ನಿಮ್ಮ ಹರಳು ಒಡೆಯುವುದು ಇದರಿಂದಲೇ ಇರಬಹುದು. ನಲವತ್ತರ ಕೆಳಗೇ ಶುರು ಮಾಡಿ ನೋಡಿ.’

ಚೀಟಿಯನ್ನು ಅವನು ನಿಂತುಕೊಂಡೇ ಎರಡು ಸಲ ಓದಿದ. ಎದೆಯಲ್ಲಿ ಏನಾದರೂ ಆಗಬೇಕು ಎಂದು ಕಾದ. ಕಿಟಕಿಯಾಚೆ ಮಂಜು ಯೂಕಲಿಪ್ಟಸ್ ಮರಗಳ ಅರ್ಧದವರೆಗೆ ಇಳಿದಿತ್ತು. ಬೆಲ್ ಆಯಿತು. ಗ್ರಾಫನ್ನು ಇದ್ದ ಮಡಿಕೆಗಳಲ್ಲೇ ಮಡಿಸಿ ಜೇಬಿಗಿಟ್ಟು ಮೂರನೆಯ ಪೀರಿಯಡ್ಡಿಗೆ ಹೋದ. ತಂತಿಗೆ ಭಾರ ಕಟ್ಟಿದರೆ ಎಷ್ಟು ಉದ್ದವಾಗುತ್ತದೆ, ಎಲ್ಲಿಯವರೆಗೆ ಹಿಂದಕ್ಕೆ ಬರುತ್ತದೆ, ಎಲ್ಲಿಂದ ಮುಂದೆ ಹಿಂದಕ್ಕೆ ಬರುವುದಿಲ್ಲ ಎಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ನಲವತ್ತೈದು ನಿಮಿಷ ಹೇಳಿದ. ಹೇಳುತ್ತಿದ್ದ ಧ್ವನಿ ತನ್ನದೇ ಎಂಬುದು ಗೊತ್ತಿತ್ತು, ಅಷ್ಟೆ. ನಡುವೆ ಒಂದು ಸಲ ಬೋರ್ಡಿನ ಮೂಲೆಯಲ್ಲಿ ಕಾರಣವಿಲ್ಲದೆ ‘42’ ಎಂದು ಬರೆದಿದ್ದ. ಹುಡುಗಿಯೊಬ್ಬಳು ಅದನ್ನು ನೋಟ್ಸಿಗೆ ಬರೆದುಕೊಂಡು, ಯಾವುದರ ಯೂನಿಟ್ ಸಾರ್ ಎಂದು ಕೇಳಿದಾಗ ಒರೆಸಿಬಿಟ್ಟ.

ಊಟದ ಬಿಡುವಿನಲ್ಲಿ ಲ್ಯಾಬಿಗೆ ಹೋಗಿ ಬೀರುವಿನಿಂದ ಹಳೆಯ ನೋಟುಬುಕ್ಕು ತೆಗೆದ. ಲ್ಯಾಬಿನ ಮೂಲೆಯಲ್ಲಿ ಅವನ ಬಾತ್ ಇತ್ತು. ಮೀನಿನ ತೊಟ್ಟಿಯಂಥ ಗಾಜಿನ ತೊಟ್ಟಿ, ಒಳಗೆ ನೀರು, ನೀರಿಗೆ ಹೀಟರು, ನೀರನ್ನು ಕಲಕುವ ಸಣ್ಣ ಮೋಟಾರು. ನಡುವೆ ಲವಣದ ದ್ರಾವಣ ತುಂಬಿದ ಬೀಕರು. ಎಳ್ಳಿನಷ್ಟು ದೊಡ್ಡ ಹರಳೊಂದನ್ನು ಬೀಜವೆಂದು ನೈಲಾನ್ ದಾರದಲ್ಲಿ ಕಟ್ಟಿ ಆ ದ್ರಾವಣದಲ್ಲಿ ಇಳಿಬಿಟ್ಟು, ನೀರಿನ ಬಿಸಿಯನ್ನು ದಿನಕ್ಕೆ ಅರ್ಧ ಡಿಗ್ರಿಯಂತೆ ಇಳಿಸುತ್ತ ಹೋದರೆ ಲವಣ ಬೀಜದ ಮೇಲೆ ಕೂಡುತ್ತ ಬಂದು ಹರಳು ಬೆಳೆಯುತ್ತದೆ. ಅವಸರ ಮಾಡಬಾರದು, ಅಲುಗಾಡಿಸಬಾರದು, ಕರೆಂಟು ಹೋಗಬಾರದು. ಪಾರ್ಟ್‌ಟೈಮ್ ಪಿಎಚ್.ಡಿ.ಗೆ ಸೇರಿ ಆರು ವರ್ಷ, ನಲವತ್ತಮೂರು ವಯಸ್ಸಿನ ಗುರುಸ್ವಾಮಿ ಮಾಡಿದ್ದು ಇಷ್ಟೇ. ಹಿಂದಿನ ವರ್ಷ ಮೂರು ಸಲ ಹರಳು ಚೆನ್ನಾಗಿ ಬೆಳೆದು ಹುಣಿಸೆಬೀಜದಷ್ಟಾಗಿತ್ತು. ಮೂರು ಸಲವೂ ಒಂದು ಬೆಳಗ್ಗೆ ಬಂದು ನೋಡಿದರೆ ಹಾಲಿನಂತೆ ಬೆಳ್ಳಗಾಗಿ ಒಳಗೆಲ್ಲ ಬಿರುಕು ಬಿಟ್ಟಿತ್ತು. ಅವನು ಪುಟ ತಿರುವಿದ. ದಿನ, ಸಮಯ, ಬಿಸಿ, ಎಲ್ಲ ಅವನದೇ ಅಕ್ಷರ. ಜನವರಿ ಹತ್ತೊಂಬತ್ತು, ನಲವತ್ತೆರಡು, ‘ಒಡೆದಿದೆ’. ಫೆಬ್ರವರಿ ಹದಿನಾರು, ನಲವತ್ತೊಂದೂವರೆ, ‘ಒಡೆದಿದೆ’. ಮಾರ್ಚ್ ಹದಿನಾರು, ನಲವತ್ತೆರಡು. ಅದರ ಮುಂದೆ ‘ಒಡೆದಿದೆ’ ಎಂದಿರಲಿಲ್ಲ. ‘ಮಾದನ್ ಸ್ವಿಚ್ ಆರಿಸಿದ್ದಾನೆ’ ಎಂದಿತ್ತು. ಪೆನ್ನನ್ನು ಒತ್ತಿ ಬರೆದದ್ದಕ್ಕೆ ಹಾಳೆಯ ಹಿಂಬದಿಯಲ್ಲೂ ಅಕ್ಷರಗಳು ಉಬ್ಬಿದ್ದವು.

ಮಾದನ್ ಫಿಸಿಕ್ಸ್ ಲ್ಯಾಬಿನ ಅಟೆಂಡರ್. ಊಟಿ ಬೆಟ್ಟದ ಬಡಗ ಜನದವನು, ಸೋಲೂರಿನ ಕಡೆಯವನು, ಗುರುಸ್ವಾಮಿಗಿಂತ ಹತ್ತು ಹನ್ನೊಂದು ವರ್ಷ ದೊಡ್ಡವನು. ಗುರುಸ್ವಾಮಿಯ ತಾತ ಗುಂಡ್ಲುಪೇಟೆಯಿಂದ ಊಟಿಗೆ ಬಂದು ಆಲೂಗಡ್ಡೆ ಮಂಡಿ ಇಟ್ಟವರು. ತಮಿಳರೇ ತುಂಬಿದ ಕಾಲೇಜಿನಲ್ಲಿ ಅವನ ಮನೆಮಾತಾದ ಕನ್ನಡಕ್ಕೆ ಹತ್ತಿರದ ಬಡಗ ಮಾತಾಡುತ್ತಿದ್ದವನು ಮಾದನ್ ಒಬ್ಬನೇ. ಅದಕ್ಕೇ ಇರಬೇಕು, ಮೊದಲ ದಿನದಿಂದಲೂ ಗುರುಸ್ವಾಮಿ ಅವನನ್ನು ನೀನು ಎಂದಿದ್ದ. ಬೇರೆ ಲೆಕ್ಚರರುಗಳು ತಮಿಳಿನಲ್ಲಿ ‘ವಾಂಗ ಮಾದನ್’ ಎಂದು ಮರ್ಯಾದೆಯಿಂದಲೇ ಕರೆಯುತ್ತಿದ್ದರು. ಬೆಳಗ್ಗೆ ಎಂಟೂವರೆಗೆ ಲ್ಯಾಬಿನ ಬೀಗ ತೆಗೆಯುವುದು, ಸಂಜೆ ಎಲ್ಲ ದೀಪ ಆರಿಸಿ ಬೀಗ ಹಾಕುವುದು ಅವನ ಕೆಲಸ. ಬಾತ್ ಶುರುವಾದ ಮೇಲೆ ಅದರ ಸ್ವಿಚ್ಚಿಗೆ ಅವನೇ ಕೆಂಪು ದಾರ ಸುತ್ತಿ, ಇದು ಆರಿಸಬಾರದ್ದು ಎಂದು ಗುರುತು ಮಾಡಿಕೊಂಡಿದ್ದ. ಜನವರಿಯ ಚಳಿಯಲ್ಲಿ, ಹೊರಗೆ ಹುಲ್ಲೆಲ್ಲ ಹೆಪ್ಪುಗಟ್ಟಿ ಬೆಳ್ಳಗಿರುವಾಗ, ತೊಟ್ಟಿಗೆ ತನ್ನ ಹಳೆಯ ಕಂಬಳಿ ತಂದು ಹೊದಿಸಿದ್ದ. ಹರಳನ್ನು ಅವನು ಕಲ್ಲು ಎನ್ನುತ್ತಿದ್ದ. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಉಸಿರು ತಾಗಿದರೂ ಏನಾದರೂ ಆದೀತೆಂಬಂತೆ ಮುಖ ಓರೆ ಮಾಡಿ ನೋಡಿ, ‘ಇವತ್ತು ಕಲ್ಲು ಚೂರು ದಪ್ಪಗಾಗಿದೆ ಸಾರ್’ ಎನ್ನುತ್ತಿದ್ದ. ಇದೆಲ್ಲ ಗುರುಸ್ವಾಮಿಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ.

ಮೂರನೆಯ ಹರಳು ಒಡೆಯುವ ಎರಡು ದಿನ ಮುಂಚೆ, ಶನಿವಾರ, ಕೊಯಮತ್ತೂರಿನಲ್ಲಿ ಅವನ ಗೈಡ್ ಪ್ರೊಫೆಸರು ಅವನನ್ನು ಮುಕ್ಕಾಲು ಗಂಟೆ ನಿಲ್ಲಿಸಿ ಮಾತಾಡಿದ್ದರು. ಎದುರಿಗೆ ಕುರ್ಚಿ ಇತ್ತು, ಅದರ ಮೇಲೆ ಅವರ ಟಿಫಿನ್ ಕ್ಯಾರಿಯರ್ ಇತ್ತು. ಹಿಂದಿನ ತಿಂಗಳು ಒಡೆದ ಹರಳನ್ನು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ, ‘ಇದು ಯಾವ ದೇವಸ್ಥಾನದ ಕಲ್ಲುಸಕ್ಕರೆ?’ ಎಂದಿದ್ದರು. ರೂಮಿನಲ್ಲಿದ್ದ ಅವರ ಚಿಕ್ಕವಯಸ್ಸಿನ ಶಿಷ್ಯರು ನಕ್ಕಿದ್ದರು. ಗುರುಸ್ವಾಮಿಯೂ ನಕ್ಕಿದ್ದ. ಬಸ್ಸಿನಲ್ಲಿ ಮೇಟ್ಟುಪಾಳ್ಯ ದಾಟಿ ಘಾಟಿ ಹತ್ತುವವರೆಗೂ ಆ ನಗು ಮುಖದ ಮೇಲೆ ಹಾಗೇ ಅಂಟಿಕೊಂಡಿದ್ದಂತೆ ಅನಿಸಿ ಎರಡು ಮೂರು ಸಲ ಕೈಯಿಂದ ಬಾಯಿ ಒರೆಸಿಕೊಂಡ. ಸೋಮವಾರ ಲ್ಯಾಬಿಗೆ ಬಂದಾಗ ಮಾದನ್ ತೊಟ್ಟಿಯ ಪಕ್ಕ ನಿಂತಿದ್ದ. ಬೀಕರಿನಲ್ಲಿ ಬೆಳ್ಳಗಿನ ಚೂರುಗಳು. ‘ಬಂದಾಗಲೇ ಹಿಂಗಿತ್ತು ಸಾರ್’ ಎಂದ. ಹಿಂದಿನ ದಿನ ಭಾನುವಾರ ಮೀಟರು ಓದುವವನು ಬಂದಿದ್ದನೆಂದು ಮಾದನ್ ಬೀಗ ತೆಗೆದಿದ್ದ ಎಂಬುದೊಂದು ಗುರುಸ್ವಾಮಿಗೆ ಸಾಕಾಯಿತು. ಅವನ ತೋಳು ಹಿಡಿದು ಕಾರಿಡಾರಿನುದ್ದಕ್ಕೂ ನಡೆಸಿಕೊಂಡು ಸ್ಟಾಫ್ ರೂಮಿಗೆ ಕರೆದೊಯ್ದ. ಟೀ ಹೊತ್ತು, ಎಲ್ಲರೂ ಇದ್ದರು. ‘ನೋಡಿ, ಇವನ ಕೈ ನೋಡಿ. ಮೂರು ಸಲ! ಹೋಗುವಾಗ ದೀಪದ ಜೊತೆ ಅದನ್ನೂ ಆರಿಸಿ ಹೋಗೋದು, ಬೆಳಗ್ಗೆ ಬಂದು ಹಾಕೋದು. ನನ್ನ ಐದು ವರ್ಷ ಇವನ ಕೈಯಲ್ಲಿ ಹಾಳಾಯ್ತು’ ಎಂದು ತಮಿಳಿನಲ್ಲಿ ಕೂಗಿದ. ಕೈ ತೋರಿಸು ಎಂದ. ಯಾಕೆ ಹಾಗೆಂದನೋ ಅವನಿಗೇ ಗೊತ್ತಿಲ್ಲ. ಮಾದನ್ ಎರಡು ಕೈಗಳನ್ನೂ ಮುಂದೆ ಚಾಚಿದ. ಅಂಗೈ ಮೇಲೆ ಮಾಡಿ, ಏನನ್ನೋ ಕೊಡುತ್ತಾರೆ ಎಂದುಕೊಂಡವನಂತೆ. ಐವತ್ತಮೂರು ವರ್ಷದ ಮನುಷ್ಯ. ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಹಿರಿಯರಾದ ಜಯರಾಮನ್, ಗಲಾಟೆ ಬೇಡ ಎಂದು ತಾವೇ ಒಂದು ಕಾಗದದಲ್ಲಿ ತಮಿಳಿನಲ್ಲಿ, ನಾನು ಅಜಾಗರೂಕತೆಯಿಂದ ಸ್ವಿಚ್ ಆರಿಸಿದ್ದು ನಿಜ, ಕ್ಷಮಿಸಬೇಕು ಎಂದು ಬರೆದು ಕೊಟ್ಟರು. ಮಾದನ್ ಅದನ್ನು ಓದಿದ. ಓದುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ. ಆಮೇಲೆ ಸಹಿ ಮಾಡಿದ. ಆ ಕಾಗದದ ಮೇಲೆ ಮೆಮೊ ಬಂತು, ಮೆಮೊದ ಮೇಲೆ ಗೂಡಲೂರಿಗೆ ವರ್ಗವಾಯಿತು. ದಿನವೂ ಸೋಲೂರಿನಿಂದ ಘಾಟಿ ಇಳಿದು ಹತ್ತುವುದಾಗದೆ ನಾಲ್ಕು ತಿಂಗಳಿಗೆ ಮಾದನ್ ಕೆಲಸ ಬಿಟ್ಟ ಎಂದು ಯಾರೋ ಹೇಳಿದ್ದರು. ಹೇಳಿದಾಗ ಗುರುಸ್ವಾಮಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದ. ಹಾಗಾ ಎಂದು ಮುಂದಿನ ಪೇಪರು ತೆಗೆದುಕೊಂಡಿದ್ದ.

ಸೆಂಥಿಲ್ ಹೇಳಿದಂತೆಯೇ ಅವನು ಮೂವತ್ತೊಂಬತ್ತು ಡಿಗ್ರಿಯಲ್ಲಿ ಹೊಸದಾಗಿ ಶುರು ಮಾಡಿದ. ಆ ಬಿಸಿಗೆ ತಕ್ಕಂತೆ ಲವಣ ಕಡಿಮೆ ಹಾಕಿ, ದಿನಕ್ಕೆ ಅರ್ಧ ಡಿಗ್ರಿಯ ಬದಲು ಕಾಲು ಡಿಗ್ರಿ ಇಳಿಸಿದ. ಮಾದನ್ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿರಲಿಲ್ಲ. ಬೀಗ ತೆಗೆಯುವುದೂ ಹಾಕುವುದೂ ತೊಟ್ಟಿಗೆ ಕಂಬಳಿ ಹೊದಿಸುವುದೂ ಈಗ ಅವನೇ. ಆಗಸ್ಟಿನ ಮಳೆಗೆ ಎರಡು ಸಲ ಕರೆಂಟು ಹೋಯಿತು. ಒಮ್ಮೆ ಮುಕ್ಕಾಲು ಗಂಟೆ ಬರಲಿಲ್ಲ, ನೀರು ಒಂದೂಕಾಲು ಡಿಗ್ರಿ ತಣ್ಣಗಾಯಿತು. ಹರಳಿಗೆ ಏನೂ ಆಗಲಿಲ್ಲ. ಕರೆಂಟು ಹೋದರೂ ಏನೂ ಆಗಲಿಲ್ಲ ಎಂಬುದನ್ನು ನೋಟುಬುಕ್ಕಿನಲ್ಲಿ ಬರೆಯುವಾಗ ಅವನ ಪೆನ್ನು ನಿಂತಿತು. ಹಾಗಾದರೆ ಮಾದನ್ ನಿಜವಾಗಿ ಸ್ವಲ್ಪ ಹೊತ್ತು ಸ್ವಿಚ್ ಆರಿಸಿದ್ದರೂ ಅದೊಂದರಿಂದಲೇ ಒಡೆಯುತ್ತಿರಲಿಲ್ಲ. ಮೂವತ್ತೆಂಟನೆಯ ದಿನ ಹರಳನ್ನು ಹೊರಗೆ ತೆಗೆದು ಹತ್ತಿಯಲ್ಲಿ ಒರೆಸಿ ಅಚ್ಚಾದ ಪುಸ್ತಕವೊಂದರ ಮೇಲಿಟ್ಟ. ಕೆಳಗಿನ ಅಕ್ಷರಗಳು ನೆಟ್ಟಗೆ ಕಂಡವು, ಒಂದು ಗೆರೆಯೂ ಅಡ್ಡ ಬರಲಿಲ್ಲ. ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ದೊಡ್ಡದು, ಅಂಚುಗಳು ಚಾಕುವಿನಲ್ಲಿ ಕತ್ತರಿಸಿದಂತೆ. ಫೋನಿನಲ್ಲಿ ಕೊಯಮತ್ತೂರಿನ ಪ್ರೊಫೆಸರು ‘ಭೇಷ್, ಭೇಷ್, ಪೇಪರು ಬರೆದುಬಿಡೋಣ’ ಎಂದರು. ಲ್ಯಾಬಿನಲ್ಲಿ ಅದನ್ನು ನೋಡುವವರು ಯಾರೂ ಇರಲಿಲ್ಲ. ಮುಖ ಓರೆ ಮಾಡಿ ನೋಡುವವರು.

ಅಂದು ಸಂಜೆ ಊಟಿಯ ಕಾಂದಲ್ ಬಡಾವಣೆಯ ತನ್ನ ಮನೆಯಲ್ಲಿ ಅವನು ಬಚ್ಚಲಿಗೆ ಹೋಗಿ ಕೈತೊಳೆಯಲೆಂದು ಹಂಡೆಯ ನೀರು ಮೊಗೆದುಕೊಂಡ. ಕೈಯ ಚರ್ಮ ಕೆಂಪಾಗುತ್ತಿರುವುದನ್ನು ನೋಡಿದ ಮೇಲೆಯೇ ನೀರು ಕುದಿಯುವಷ್ಟು ಬಿಸಿಯಾಗಿದೆ ಎಂದು ತಿಳಿದದ್ದು. ಹೆಂಡತಿ ಇಂದ್ರಾಣಿ ತೆಂಗಿನೆಣ್ಣೆ ಹಚ್ಚುತ್ತ, ‘ಒಂದು ತಿಂಗಳಿಂದ ನೋಡ್ತಾ ಇದೀನಿ. ಕಾಫಿ ಕೊಟ್ರೆ ಲೋಟ ಹಿಡ್ಕೊಂಡು ಕೂತಿರ್ತೀರಿ, ಆರಿದ ಮೇಲೆ ಹಂಗೇ ಕೆಳಗಿಡ್ತೀರಿ. ಏನಾಗಿದೆ ನಿಮಗೆ?’ ಎಂದಳು.

‘ಹರಳು ಚೆನ್ನಾಗಿ ಬಂತು.’

‘ಚೆನ್ನಾಗಿ ಬಂದ್ರೆ ಹಿಂಗಿರ್ತಾರಾ?’

ಅವನು ಹೇಳಿದ. ಗ್ರಾಫಿನ ವಿಷಯ, ಮಾದನ್ ವಿಷಯ. ಹೇಳುವಾಗ ‘ಕೈ ತೋರಿಸು’ ಎಂದದ್ದನ್ನು ಬಿಟ್ಟ. ಇಂದ್ರಾಣಿ ಎಣ್ಣೆಯ ಬಟ್ಟಲನ್ನು ಮುಚ್ಚಿಟ್ಟು, ‘ಆ ಮನುಷ್ಯ ದೀಪಾವಳಿಗೆ ನಮ್ಮನೆಗೆ ಕ್ಯಾರೆಟ್ ತಂದುಕೊಡ್ತಿದ್ರು’ ಎಂದಳು. ತಂದುಕೊಡ್ತಿದ್ರು, ಎಂದಳು. ಅವಳು ಯಾವಾಗಲೂ ಮಾದನನ್ನು ಹಾಗೇ ಬಹುವಚನದಲ್ಲಿ ಹೇಳುತ್ತಿದ್ದಳು ಎಂಬುದು ಅವನ ಕಿವಿಗೆ ಬಿದ್ದದ್ದು ಅದೇ ಮೊದಲು.

ಶನಿವಾರ ಬೆಳಗ್ಗೆ ಸೋಲೂರಿನ ಬಸ್ಸು ಹತ್ತಿದ. ತಲೈಕುಂದಾ ದಾಟಿ ಬಸ್ಸು ಬಲಕ್ಕೋ ಎಡಕ್ಕೋ ತಿರುಗಿದಾಗ ಕಿಟಕಿಯ ಗಾಜಿನ ಮೇಲೆ ಸಣ್ಣ ಮಳೆ ಓರೆಯಾಗಿ ಹರಿಯತೊಡಗಿತು. ಮುಂದಿನ ಸೀಟಿನಲ್ಲಿ ಬಿಳಿಯ ಬಟ್ಟೆ ಹೊದ್ದ ಬಡಗ ಹೆಂಗಸರು ಟೀ ಎಲೆ ಕೊಳ್ಳುವ ಫ್ಯಾಕ್ಟರಿಯ ವಿಷಯ ಜೋರಾಗಿ ಮಾತಾಡುತ್ತಿದ್ದರು. ಅರ್ಧ ಅರ್ಥವಾಗುತ್ತಿತ್ತು, ಅರ್ಧ ತನ್ನದೇ ಮಾತನ್ನು ಬಹಳ ಹಿಂದೆ ಯಾರೋ ಆಡಿದಂತೆ ಕೇಳುತ್ತಿತ್ತು. ಏನು ಹೇಳುವುದು ಎಂದು ಅವನು ಜೋಡಿಸಿಕೊಳ್ಳಲು ನೋಡಿದ. ಜೋಡಿಸುವಾಗ ಬೇರೆಯದೇ ಒಂದು ಬೆಳಗ್ಗೆ ನೆನಪಾಯಿತು. ಎರಡನೆಯ ಹರಳು ಒಡೆದ ಮರುದಿನ. ಅವನು ತೊಟ್ಟಿ ತೊಳೆಸುತ್ತಿದ್ದ. ಮಾದನ್ ಬ್ರಷ್ಷು ನಿಲ್ಲಿಸಿ, ‘ಸಾರ್, ಒಂದು ಮಾತು. ಹೋದ ಸಲವೂ ಥರ್ಮಾಮೀಟರು ಅದೇ ಗೆರೆಗೆ ಬಂದಾಗ ಕಲ್ಲು ಕೆಟ್ಟಿತು. ಆ ನಲವತ್ತೆರಡರಲ್ಲಿ ಏನೋ ಇದೆ’ ಎಂದಿದ್ದ. ಗುರುಸ್ವಾಮಿ ತಲೆಯೆತ್ತದೆ, ‘ನೀನು ತೊಟ್ಟಿ ತೊಳಿ’ ಎಂದಿದ್ದ. ಇದು ನಿಜವಾಗಿ ನಡೆದದ್ದೋ, ಗ್ರಾಫ್ ನೋಡಿದ ಮೇಲೆ ಮನಸ್ಸು ಕಟ್ಟಿಕೊಂಡದ್ದೋ ಎಂದು ಅವನು ತನ್ನನ್ನೇ ಕೇಳಿಕೊಂಡ. ನಡೆದದ್ದೇ. ಬ್ರಷ್ಷಿನಿಂದ ನೀರು ತೊಟ್ಟಿಕ್ಕಿ ಮಾದನ್ ಪಾದದ ಮೇಲೆ ಬೀಳುತ್ತಿದ್ದದ್ದು ಕೂಡ ನೆನಪಿತ್ತು. ನೆನಪಿತ್ತು, ಆದರೆ ಬಸ್ಸಿನ ಸೀಟಿನಲ್ಲಿ ಕೂತ ಅವನಿಗೆ ಅದರಿಂದ ನೋವೇನೂ ಆಗಲಿಲ್ಲ. ನೋವಾಗುತ್ತಿಲ್ಲವಲ್ಲ ಎಂಬುದು ಮಾತ್ರ ಹಲ್ಲಿನ ಡಾಕ್ಟರು ಮರಗಟ್ಟಿಸಿದ ದವಡೆಯ ಹಾಗೆ ಭಾರವಾಗಿತ್ತು.

ಹಟ್ಟಿಯ ಮನೆಗಳು ಒಂದೇ ಸಾಲಿನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದವು. ವಿಚಾರಿಸಿಕೊಂಡು ಹೋದ ಮನೆಯ ಮುಂದೆ ಮಾದನ್ ಹೆಂಡತಿ ಲಿಂಗಿ ಕ್ಯಾರೆಟ್ಟಿನ ಮಣ್ಣು ತೊಳೆಯುತ್ತಿದ್ದಳು. ತಾನು ಯಾರೆಂದು ಹೇಳಿದಾಗ ಅವಳ ಕೈ ನೀರಿನೊಳಗೇ ನಿಂತಿತು. ಬನ್ನಿ ಎನ್ನಲಿಲ್ಲ. ಮನೆಯ ಹಿಂದಿನ ಟೀ ತೋಟದ ಕಡೆ ತಿರುಗಿ ಬಡಗದಲ್ಲಿ ಕೂಗಿದಳು. ಸ್ವಲ್ಪ ಹೊತ್ತಿಗೆ ಮಾದನ್ ಎಲೆಯ ಚೀಲ ಬೆನ್ನಿಗೆ ಹಾಕಿಕೊಂಡು ಇಳಿದು ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚೀಲ ಇಳಿಸಿ, ‘ಬನ್ನಿ ಸಾರ್, ಕೂತುಕೊಳ್ಳಿ’ ಎಂದ. ಲ್ಯಾಬಿನಲ್ಲಿ ಹೇಳುತ್ತಿದ್ದಂತೆಯೇ.

‘ಹೇಗಿದ್ದೀಯ,’ ಎಂದ ಗುರುಸ್ವಾಮಿ. ತಡೆದು, ‘ಹೇಗಿದ್ದೀರಿ ಮಾದನ್?’ ಎಂದ.

ಮಾದನ್ ಒಂದು ಕ್ಷಣ ಅವನ ಮುಖ ನೋಡಿದ. ‘ಇದ್ದೇನೆ ಸಾರ್.’

ಜಗಲಿಯ ಮೇಲೆ ಕೂತು ಗುರುಸ್ವಾಮಿ ಜೇಬಿನಿಂದ ಗ್ರಾಫ್ ತೆಗೆದು ಬಿಡಿಸಿದ. ಪಾಠ ಹೇಳುವ ಧ್ವನಿ ತಾನಾಗಿ ಬಂತು. ‘ಇಲ್ಲಿ ನೋಡಿ. ಇದು ನಮ್ಮ ಹರಳನ್ನು ಬಿಸಿ ಮಾಡ್ತಾ, ತಣ್ಣಗೆ ಮಾಡ್ತಾ ತೆಗೆದ ಗೆರೆ. ಇಲ್ಲಿ ಸಣ್ಣದಾಗಿ ಕುಸಿದಿದೆಯಲ್ಲ, ಅಲ್ಲಿ ಹರಳಿನ ಒಳಗಿನ ಜೋಡಣೆ ಬದಲಾಗತ್ತೆ. ನಾವು ಐವತ್ತರಿಂದ ಇಳಿಸ್ತಾ ನಲವತ್ತೆರಡಕ್ಕೆ ಬಂದ ಕೂಡಲೇ ಅದು ತನ್ನಷ್ಟಕ್ಕೆ ಒಡೆಯತ್ತೆ. ಯಾರೂ ಮುಟ್ಟಬೇಕಾಗಿಲ್ಲ. ಸ್ವಿಚ್ಚಿಗೂ ಅದಕ್ಕೂ ಸಂಬಂಧ ಇಲ್ಲ.’

ಮಾದನ್ ಕಾಗದವನ್ನು ಮುಟ್ಟಲಿಲ್ಲ. ಕೈಗಳನ್ನು ಅಂಗಿಗೆ ಒರೆಸಿಕೊಂಡು ಬಗ್ಗಿ ನೋಡಿದ. ‘ನಲವತ್ತೆರಡಾ?’

‘ಹೌದು.’

‘ನಾನು ಹೇಳಿದ್ದೆ ಸಾರ್.’

‘ಹೇಳಿದ್ದಿರಿ.’

ಲಿಂಗಿ ಹಾಲಿಲ್ಲದ ಟೀ ತಂದು ಇಬ್ಬರ ನಡುವೆ ಇಟ್ಟಳು. ಒಳಗೆ ಹೋಗದೆ ಬಾಗಿಲಿಗೆ ಒರಗಿ ನಿಂತಳು. ಒಳಗಿನ ಕೋಣೆ ಕತ್ತಲಾಗಿತ್ತು. ಗುರುಸ್ವಾಮಿ ಏನಾದರೂ ಹೇಳಬೇಕೆಂದು ‘ಕರೆಂಟಿಲ್ಲವಾ?’ ಎಂದ. ‘ಕರೆಂಟಿದೆ,’ ಎಂದಳು ಲಿಂಗಿ, ತಮಿಳಿನಲ್ಲಿ, ಅವನನ್ನು ನೋಡದೆ. ‘ಇವರು ಸ್ವಿಚ್ ಮುಟ್ಟೋದಿಲ್ಲ. ಅಲ್ಲಿಂದ ಬಂದಾಗಿನಿಂದ ಮುಟ್ಟಿಲ್ಲ. ಹಾಕೋದಾದ್ರೂ ಆರಿಸೋದಾದ್ರೂ ನಾನೇ ಬರಬೇಕು. ನಾನು ತೋಟಕ್ಕೆ ಹೋದ ದಿನ ಕತ್ತಲಲ್ಲೇ ಕೂತಿರ್ತಾರೆ.’

‘ಅದೆಲ್ಲ ಯಾಕೆ ಈಗ?’ ಎಂದ ಮಾದನ್. ಗುರುಸ್ವಾಮಿಯ ಕಡೆ ತಿರುಗಿ, ‘ಈಗ ಕಲ್ಲು ಚೆನ್ನಾಗಿ ಬಂತಾ ಸಾರ್?’ ಎಂದು ಕೇಳಿದ.

‘ಬಂತು. ಮೂವತ್ತೊಂಬತ್ತರಿಂದ ಶುರು ಮಾಡಿದೆ.’

‘ಎಷ್ಟು ದಪ್ಪ?’

ಗುರುಸ್ವಾಮಿ ಹೆಬ್ಬೆರಳಿನ ಗೆಣ್ಣು ತೋರಿಸಿದ. ‘ನೀರಿನ ಹಾಗಿದೆ. ಕೆಳಗೆ ಅಕ್ಷರ ಇಟ್ರೆ ಓದಬಹುದು.’

‘ಬೀಜಕ್ಕೆ ದಾರ ಯಾರು ಕಟ್ಟಿದ್ದು?’

‘ನಾನೇ.’

‘ಹೂಂ,’ ಎಂದ ಮಾದನ್. ಅವನ ಮುಖದಲ್ಲಿ ಏನೋ ಒಂದು ಸಡಿಲವಾಗಿ, ನೋಡುತ್ತಿದ್ದಂತೆಯೇ ಮತ್ತೆ ಮುಚ್ಚಿಕೊಂಡಿತು. ಗುರುಸ್ವಾಮಿ ಅದನ್ನು ಹಿಡಿದುಕೊಳ್ಳಲು ಅವಸರಪಟ್ಟ. ‘ನಾನು ಪ್ರಿನ್ಸಿಪಾಲರಿಗೆ ಬರೀತೀನಿ ಮಾದನ್. ಗ್ರಾಫ್ ಜೊತೆಗಿಟ್ಟು ಕೊಡ್ತೀನಿ. ಆ ಮೆಮೊ ರದ್ದು ಮಾಡಿಸ್ತೀನಿ. ನಿಮ್ಮ ತಪ್ಪಿಲ್ಲ ಅಂತ ನನಗೆ ಈಗ ಗೊತ್ತಾಯ್ತು, ಅದನ್ನ ನಿಮಗೆ ಹೇಳಬೇಕು ಅಂತಲೇ ಬಂದೆ.’

ಮಾದನ್ ಟೀ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡ.  ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ‘ನನ್ನ ತಪ್ಪಿಲ್ಲ ಅನ್ನೋದು ನನಗೆ ಆವತ್ತೇ ಗೊತ್ತಿತ್ತು ಸಾರ್. ಗೊತ್ತಿಲ್ಲದೆ ಇದ್ದದ್ದು ನಿಮಗೆ. ಕಾಗದ ಬರೆದರೆ ಫೈಲಿಗೆ ಹೋಗ್ತದೆ. ಆವತ್ತು ನೀವು ಕಾಗದದಲ್ಲಿ ಹೇಳಲಿಲ್ಲ. ಎಲ್ಲರೂ ಕೂತಿದ್ದರು, ಎಲ್ಲರ ಮುಂದೆ ಬಾಯಲ್ಲಿ ಹೇಳಿದಿರಿ. ಇವತ್ತು ಇಷ್ಟು ದೂರ ಬಂದು ನನ್ನೊಬ್ಬನಿಗೆ ಹೇಳ್ತಾ ಇದ್ದೀರಿ. ನನಗೆ ಗೊತ್ತಿರೋದನ್ನ ನನಗೇ.’

ಗುರುಸ್ವಾಮಿ ಗ್ರಾಫನ್ನು ಮಡಿಸಿದ. ಮಡಿಕೆ ಸರಿಯಾಗಿ ಕೂಡಲಿಲ್ಲ, ಬಿಡಿಸಿ ಮತ್ತೆ ಮಡಿಸಿದ. ಬಸ್ಸು ಹೊರಡುವ ಹೊತ್ತಾಗಿದೆ ಎಂದು ಮಾದನ್ ಎದ್ದು ರಸ್ತೆಯವರೆಗೆ ಬಂದ. ಬಸ್ಸು ಹತ್ತುವಾಗ, ‘ಮೆಟ್ಟಿಲು ಜಾರ್ತದೆ ಸಾರ್, ನೋಡಿ’ ಎಂದ.

ಭಾನುವಾರವಿಡೀ ಅವನು ಸ್ಟಾಫ್ ರೂಮನ್ನು ಕಣ್ಣೆದುರು ತಂದುಕೊಂಡು ಕೂತಿದ್ದ. ಅಷ್ಟು ಜನ ತಲೆಯೆತ್ತಿ ತನ್ನನ್ನು ನೋಡುವುದು. ಅವತ್ತು ಕೂಗಿದ್ದೆಲ್ಲ ಸುಳ್ಳಾ ಎಂದು ಒಬ್ಬರಾದರೂ ಕೇಳುವುದು. ಕನ್ನಡದವನು, ಪಿಎಚ್.ಡಿ. ಹುಚ್ಚು ಹಿಡಿದು ಪಾಪದವನ ಕೆಲಸ ಕಳೆದ ಎಂದು ಬೆನ್ನ ಹಿಂದೆ ಆಡಿಕೊಳ್ಳುವುದು. ಜಯರಾಮನ್ ತಾವು ಬರೆದ ಕಾಗದವನ್ನು ನೆನೆದು ಮುಖ ಕೆಂಪಗೆ ಮಾಡಿಕೊಂಡು, ನನ್ನನ್ನೂ ಇದಕ್ಕೆ ಎಳೆಯುತ್ತೀರಾ ಎನ್ನುವುದು. ಒಂದೊಂದು ಮಾತಿಗೂ ಒಂದೊಂದು ಉತ್ತರ ಜೋಡಿಸಿದ. ಇಷ್ಟು ದಿನ ಏನೂ ಅನಿಸದೆ ಇದ್ದವನಿಗೆ ಮೊದಲ ಬಾರಿ ಹೆದರಿಕೆಯಾಯಿತು.  ಆ ಹೆದರಿಕೆಯನ್ನು ಅವನು ಬೆಚ್ಚಗಿನ ವಸ್ತುವಿನ ಹಾಗೆ ಇಡೀ ದಿನ ಇಟ್ಟುಕೊಂಡಿದ್ದ.

ಸೋಮವಾರ ಹನ್ನೊಂದರ ಟೀ ಹೊತ್ತಿಗೆ ಹದಿನಾಲ್ಕು ಜನ ಇದ್ದರು. ಜಯರಾಮನ್ ಕಿಟಕಿಯ ಪಕ್ಕ ಪೇಪರು ಓದುತ್ತಿದ್ದರು. ಗುರುಸ್ವಾಮಿ ತನ್ನ ಮೇಜಿನ ಪಕ್ಕ ಎದ್ದು ನಿಂತ.  ‘ಎಲ್ಲರಿಗೂ ಒಂದು ವಿಷಯ ಹೇಳಬೇಕು,’ ಎಂದ ತಮಿಳಿನಲ್ಲಿ. ಒಂದಿಬ್ಬರು ನೋಡಿದರು. ‘ಹೋದ ವರ್ಷ ಮಾರ್ಚಿನಲ್ಲಿ ಇಲ್ಲೇ ನಿಂತು ನಾನು ಮಾದನ್ ಮೇಲೆ ತಪ್ಪು ಹೊರಿಸಿದೆ. ಅದು ಸುಳ್ಳು. ಹರಳು ಒಡೆದದ್ದು ಅವರಿಂದ ಅಲ್ಲ. ಈಗ ಅದು ರುಜುವಾತಾಗಿದೆ. ಹರಳು ಹಾಗೇ ಒಡೆಯುತ್ತದೆ ಎಂದು ಅವರು ಆಗಲೇ ನನಗೆ ಹೇಳಿದ್ದರು. ನಾನು ಕೇಳಲಿಲ್ಲ.’

ಯಾರ ಮುಖವೂ ಬದಲಾಗಲಿಲ್ಲ. ಕೆಮಿಸ್ಟ್ರಿಯವರು ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಹಿಡಿದುಕೊಂಡೇ ಇದ್ದರು, ಅದು ಮುರಿದು ಒಳಗೆ ಬಿತ್ತು. ಜಯರಾಮನ್ ಪೇಪರನ್ನು ತೊಡೆಯ ಮೇಲಿಳಿಸಿ, ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಅವರ ಹುಬ್ಬು ಗಂಟಾಗಿತ್ತು. ನಿಜವಾಗಿಯೂ ನೆನಪು ಮಾಡಿಕೊಳ್ಳಲು ಕಷ್ಟಪಡುತ್ತಿದ್ದರು.

‘ಯಾವ ಮಾದನ್?’ ಎಂದರು. ‘ತೋಟ ನೋಡಿಕೊಳ್ಳುತ್ತಿದ್ದನಲ್ಲ, ಅವನಾ?’

ಗುರುಸ್ವಾಮಿ ಭಾನುವಾರವಿಡೀ ಕಲ್ಪಿಸಿಕೊಂಡ ಪ್ರಶ್ನೆಗಳಲ್ಲಿ ಇದೊಂದಿರಲಿಲ್ಲ. ಬೆಲ್ ಆಯಿತು. ಕುರ್ಚಿಗಳು ಹಿಂದಕ್ಕೆ ಸರಿದವು, ಡಸ್ಟರು ಸೀಮೆಸುಣ್ಣ ಹಾಜರಿ ಪುಸ್ತಕಗಳನ್ನು ಎತ್ತಿಕೊಂಡು ಜನ ಏಳತೊಡಗಿದರು. ‘ಕ್ಲಾಸಿಲ್ಲವಾ ಗುರುಸ್ವಾಮಿ? ಆಮೇಲೆ ಮಾತಾಡೋಣ, ಕೂತುಕೊಳ್ಳಿ’ ಎಂದರು ಜಯರಾಮನ್. ಅವನು ಕೂರಲಿಲ್ಲ. ಬಾಗಿಲಿನ ಕಡೆ ನಡೆದು, ಹೊರಡುತ್ತಿದ್ದವರಿಗೆ ಅಡ್ಡವಾಗಿ ಚೌಕಟ್ಟಿನ ನಡುವೆ ನಿಂತುಕೊಂಡ. 

‘ಫಿಸಿಕ್ಸ್ ಲ್ಯಾಬಿನ ಅಟೆಂಡರ್ ಮಾದನ್,’ ಎಂದ. ‘ಸೋಲೂರಿನವರು. ಇಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವರು. ಅವರ ಎರಡು ಕೈಯನ್ನೂ ಚಾಚಿಸಿ ನಿಮಗೆಲ್ಲ ತೋರಿಸಿದೆ.’ ಹೊರಟಿದ್ದವರು ಒಬ್ಬರ ಹಿಂದೊಬ್ಬರು ನಿಂತರು. ಅವನು ಮತ್ತೆ ಮೊದಲಿನಿಂದ ಹೇಳತೊಡಗಿದ.